ಬಾಗುವುದಾದರೆ ಸೊಂಟದಿಂದ ಬಾಗಿ

ಕುಣಿಗಲ್ ಕಡೆಯ ನಮ್ಮ ದುರ್ಗದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಕೆಲವರು ಮೊಬೈಲು ಹಿಡಿದು ಹಿರಗನ, ಕತಕನ ಎಂಬ ಜಪಾನಿ ಅಕ್ಷರಗಳನ್ನು ತಿದ್ದುತ್ತಿರುವುದು ನನಗೆ ಗೊತ್ತು. ಒಬ್ಬಳಿಗೆ ನರ್ಸಿಂಗ್ ಮುಗಿಸಿ ಜಪಾನಿನಲ್ಲಿ ವಯಸ್ಸಾದವರ ಆರೈಕೆ ಕೆಲಸಕ್ಕೆ ಸೇರುವ ಆಸೆ. ಇನ್ನೊಬ್ಬನಿಗೆ ಡಿಪ್ಲೊಮಾ ಆದ ಮೇಲೆ ಬಿಡದಿಯಲ್ಲೋ ವಸಂತನರಸಾಪುರದಲ್ಲೋ ಜಪಾನಿ ಕಂಪನಿ ಹಿಡಿಯುವ ಲೆಕ್ಕಾಚಾರ. ಮತ್ತೊಬ್ಬನಿಗೆ ಅವರ ಕಾರ್ಟೂನಿನ ಹುಚ್ಚು, ಬೇರೇನೂ ಇಲ್ಲ. ಮೂರೂ ತಕ್ಕ ಕಾರಣಗಳೇ. ಜುಲೈ, ಡಿಸೆಂಬರ್ ತಿಂಗಳ ಮೊದಲ ಭಾನುವಾರ ಬಂದರೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆಂದು ಬೆಂಗಳೂರು ಬಸ್ಸು ಹತ್ತುತ್ತೀರಿ. ಅದರಲ್ಲಿ ಓದುವುದಿದೆ, ಕೇಳಿ ತಿಳಿಯುವುದಿದೆ, ಪದ ವ್ಯಾಕರಣ ಇದೆ. ಬಾಯಿಬಿಟ್ಟು ಮಾತಾಡುವ ಭಾಗವೇ ಇಲ್ಲ. ಮಾತನ್ನೇ ಕೇಳದವರು ಮೈ ಹೇಗೆ ಬಗ್ಗಿಸುತ್ತೀಯ ಅಂತ ಕೇಳಿಯಾರೇ? ಹಾಗಾಗಿ ಆ ಪರೀಕ್ಷೆಯ ಎನ್4 ಮಟ್ಟ ಪಾಸಾದವರು ಕೂಡ ಸಂದರ್ಶನದ ಕೋಣೆಗೆ ಹೋದಾಗ ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ತಿಳಿಯದೆ ತಡಬಡಿಸುತ್ತಾರೆ. ಜಪಾನಿಯರ ಜತೆ ಒಂದೇ ಸೂರಿನಡಿ ವರ್ಷಗಟ್ಟಲೆ ದುಡಿದವನು ನಾನು. ಆ ಸಲಿಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ. ಬೇಕಾದ್ದು ಇಟ್ಟುಕೊಳ್ಳಿ.

ಬಾಗಿ ವಂದಿಸುವುದಕ್ಕೆ ಜಪಾನಿಯರು ಒಜಿಗಿ ಎನ್ನುತ್ತಾರೆ. ಮೂರು ಬಗೆ ರೂಢಿಯಲ್ಲಿದೆ. ಸುಮಾರು 15 ಡಿಗ್ರಿ ಬಾಗುವುದು ಎಶಕು. ಓಣಿಯಲ್ಲಿ, ಮೆಟ್ಟಿಲಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಪರಿಚಯದವರು ಎದುರಾದರೆ ಇಷ್ಟು ಸಾಕು. 30 ಡಿಗ್ರಿಯದ್ದು ಕೇರೇ. ಮೇಲಧಿಕಾರಿಗೆ, ಗಿರಾಕಿಗೆ, ಸಂದರ್ಶನ ಮಾಡುವವರಿಗೆ ಇದು. 45 ಡಿಗ್ರಿಯದ್ದು ಸೈಕೇರೇ. ತುಂಬಾ ಉಪಕಾರವಾದಾಗ, ಇಲ್ಲವೇ ತಪ್ಪಾಗಿ ಕ್ಷಮೆ ಕೇಳುವಾಗ ಇಷ್ಟು ಇಳಿಯಬೇಕು. ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟ ಕೂಡಲೇ ನೀವು ಕೋನಮಾಪಕ ಹಿಡಿದು ಒಬ್ಬರ ಬೆನ್ನು ಒಬ್ಬರು ಅಳೆಯಲು ನಿಲ್ಲುತ್ತೀರಿ. ಬೇಡ. ಜಪಾನಿಯರೂ ಅಳೆಯುವುದಿಲ್ಲ. ಎದುರಿನವರು ನಿಮಗಿಂತ ಹಿರಿಯರಾದರೆ ಅವರಿಗಿಂತ ಒಂದು ಗೇಣು ಹೆಚ್ಚು ಬಾಗಿ, ಅವರಿಗಿಂತ ಒಂದು ಕ್ಷಣ ತಡವಾಗಿ ಏಳಿ. ಇಷ್ಟು ಹಿಡಿದುಕೊಂಡರೆ ಡಿಗ್ರಿ ತಾನೇ ಬರುತ್ತದೆ.

ಡಿಗ್ರಿಗಿಂತ ಮುಖ್ಯವಾದದ್ದು ಎಲ್ಲಿಂದ ಬಾಗುತ್ತೀರಿ ಎಂಬುದು. ನಮ್ಮವರು ಹತ್ತರಲ್ಲಿ ಒಂಬತ್ತು ಜನ ಕತ್ತು ಬಗ್ಗಿಸುತ್ತಾರೆ, ಬೆನ್ನನ್ನು ಗೂನು ಮಾಡುತ್ತಾರೆ, ಕಣ್ಣು ಮಾತ್ರ ಮೇಲೆತ್ತಿ ಎದುರಿನವರ ಮುಖವನ್ನೇ ನೋಡುತ್ತಾರೆ. ನೋಡುವವರಿಗೆ ಅದು ಯಾರನ್ನೋ ಅನುಮಾನಿಸಿ ಇಣುಕಿದ ಹಾಗೆ ಕಾಣುತ್ತದೆ. ಒಜಿಗಿಯಲ್ಲಿ ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿರಬೇಕು, ಮಡಿಕೆ ಸೊಂಟದಲ್ಲಿ ಬೀಳಬೇಕು. ಇದು ಕಷ್ಟ ಅನ್ನಬೇಡಿ. ನಿಮ್ಮಜ್ಜಿ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಹೇಗೆ ಬಾಗುತ್ತಿದ್ದಳು, ನೆನಪು ಮಾಡಿಕೊಳ್ಳಿ. ಮಂಡಿ ನೆಟ್ಟಗೆ, ಬೆನ್ನು ಹಲಗೆ, ಬಗ್ಗುವುದೆಲ್ಲ ಸೊಂಟದ ಕೀಲಿನಲ್ಲಿ. ಕತ್ತಿನಿಂದ ಬಗ್ಗಿದ್ದರೆ ಅವಳಿಗೆ ಒಂದು ಸಾಲೂ ಮುಗಿಸಲು ಆಗುತ್ತಿರಲಿಲ್ಲ.

ಇನ್ನು ಉಳಿದ ಅಂಗಗಳು. ಹಿಮ್ಮಡಿ ಎರಡೂ ಕೂಡಿರಲಿ. ಗಂಡು ಹುಡುಗರು ಅಂಗೈಯನ್ನು ಪ್ಯಾಂಟಿನ ಪಕ್ಕದ ಹೊಲಿಗೆಗೆ ತಾಗಿಸಿಕೊಂಡಿರಲಿ. ಹೆಣ್ಣು ಮಕ್ಕಳು ಕೈಗಳನ್ನು ಒಂದರ ಮೇಲೊಂದು ಮುಂದೆ ಇಟ್ಟುಕೊಳ್ಳುವುದು ರೂಢಿ. ಬೆರಳು ಬಿಡಿಬಿಡಿಯಾಗಿ ಹರಡಬಾರದು. ಮೊದಲು ಎದುರಿನವರ ಮುಖ ನೋಡಿ, ಬಾಗುತ್ತ ದೃಷ್ಟಿ ನೆಲಕ್ಕೆ ಇಳಿಯಲಿ, ಎದ್ದ ಮೇಲೆ ಮತ್ತೆ ಮುಖ ನೋಡಿ. ಇಳಿಯುವಾಗ ಚುರುಕು, ತಳದಲ್ಲಿ ಒಂದು ಕ್ಷಣ ನಿಲುಗಡೆ, ಏಳುವಾಗ ನಿಧಾನ. ಆ ನಿಲುಗಡೆಯೇ ಪ್ರಾಣ. ಅದನ್ನು ಬಿಟ್ಟರೆ ಕೋಳಿ ಕಾಳು ಹೆಕ್ಕಿದ ಆಟ ಆಗುತ್ತದೆ. ಸಮುರಾಯಿಗಳ ಕಾಲದಿಂದ ನಡೆದು ಬಂದ ಒಗಸವರ ಎಂಬ ಮರ್ಯಾದೆ ಪಾಠದ ಪರಂಪರೆಯಲ್ಲಿ ಇದಕ್ಕೆ ಉಸಿರಿನ ಲೆಕ್ಕವೇ ಇದೆ: ಉಸಿರು ಎಳೆದುಕೊಳ್ಳುತ್ತ ಬಾಗು, ಬಿಡುತ್ತ ಅಲ್ಲೇ ನಿಲ್ಲು, ಮತ್ತೆ ಎಳೆದುಕೊಳ್ಳುತ್ತ ಏಳು. ಮನೆಯಲ್ಲಿ ಮಾಡಿ ನೋಡಿ. ಮೂರು ಉಸಿರಿಗೆ ಆತುರ ತಾನೇ ಕರಗುತ್ತದೆ.

ಭಾಷೆ ಕಲಿಯುವವರಾದ ನೀವು ಗಟ್ಟಿಯಾಗಿ ಹಿಡಿಯಬೇಕಾದ ಸೂತ್ರ ಇನ್ನೊಂದಿದೆ. ಗೊಸೆನ್ ಗೊರೇ ಎನ್ನುತ್ತಾರೆ. ಮಾತು ಮೊದಲು, ಬಾಗುವುದು ಆಮೇಲೆ. ಒಹಯೋ ಗೊಜೈಮಸು ಎಂದು ಮುಖ ನೋಡಿ ಪೂರ್ತಿ ಹೇಳಿ, ಬಾಯಿ ಮುಚ್ಚಿ, ನಂತರ ಬಾಗಿ. ಎರಡನ್ನೂ ಒಟ್ಟಿಗೆ ಮಾಡಿದರೆ ನಿಮ್ಮ ಅರ್ಧ ಮಾತು ನೆಲಕ್ಕೆ ಹೋಗುತ್ತದೆ, ಎದುರಿನವರ ಕಿವಿಗೆ ಮುಟ್ಟುವುದಿಲ್ಲ. ಹಜಿಮೆಮಶಿತೆ, ನಿಮ್ಮ ಹೆಸರು, ಯೊರೊಶಿಕು ಒನೆಗೈ ಶಿಮಸು: ಈ ಪರಿಚಯದ ಸಾಲಿನಲ್ಲೂ ಕೊನೆಯ ಪದ ಮುಗಿದ ಮೇಲೆಯೇ ಬಾಗುವುದು. ಗಡಿಬಿಡಿಯ ಬೆಳಗ್ಗೆಗಳಲ್ಲಿ ಜಪಾನಿಯರೇ ಎರಡನ್ನೂ ಬೆರೆಸುತ್ತಾರೆ, ನಿಜ. ಅವರು ಬೆರೆಸಬಹುದು. ಕಲಿಯುವವರು ಬಿಡಿಸಿಯೇ ಕಲಿಯಬೇಕು. ನಿಮಗೆ ಇದರಿಂದ ಇನ್ನೊಂದು ಲಾಭವೂ ಇದೆ: ಬಾಗಿ ಏಳುವ ಎರಡು ಮೂರು ಸೆಕೆಂಡಿನಲ್ಲಿ ಮುಂದಿನ ವಾಕ್ಯ ಜೋಡಿಸಿಕೊಳ್ಳಬಹುದು. ಕ್ರಿಯಾಪದ ಕೊನೆಗೆ ಬರುವ ಭಾಷೆ ಅದು, ನಮ್ಮದರ ಹಾಗೆಯೇ. ಕನ್ನಡದವರಿಗೆ ವಾಕ್ಯದ ಜಾಡು ಬೇಗ ಸಿಗುತ್ತದೆ. ಸಿಗದೆ ಒದ್ದಾಡಿಸುವುದು ಮೈ.

ತಲೆ ಅಲ್ಲಾಡಿಸುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೂಂ ಅನ್ನುವಾಗ ನಾವು ತಲೆಯನ್ನು ಅತ್ತ ಇತ್ತ ತೂಗುತ್ತೇವಲ್ಲ, ಅದು ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಗದ್ದ ಕೆಳಗಿಳಿಸಿ ಹೈ ಅನ್ನಿ. ಅವರು ನಿಮ್ಮ ಮಾತಿಗೆ ಸಾಲು ಸಾಲಾಗಿ ಹೈ, ಹೈ ಎನ್ನುತ್ತ ತಲೆದೂಗಿದರೆ ಒಪ್ಪಿಕೊಂಡರು ಅಂತ ಹಿಗ್ಗಬೇಡಿ. ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅಷ್ಟೇ ಅದರ ಅರ್ಥ. ಸಂಬಳದ ಮಾತು ಬಂದಾಗ ಈ ವ್ಯತ್ಯಾಸ ನೆನಪಿರಲಿ.

ಕೈ ಮುಗಿಯುವ ಬಗ್ಗೆ ಕೇಳುತ್ತೀರಿ. ಎಡೆಯೂರಿನ ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ಕೈ ಮುಗಿದು ಬೆಳೆದವರು ನಾವು. ಎದುರಿಗೆ ದೊಡ್ಡವರು ಬಂದರೆ ಕೈ ತಾನಾಗಿ ಸೇರುತ್ತದೆ. ಜಪಾನಿನಲ್ಲೂ ಕೈ ಜೋಡಿಸುತ್ತಾರೆ, ಆದರೆ ಅದರ ಜಾಗ ಬೇರೆ. ಬೌದ್ಧ ದೇವಾಲಯದಲ್ಲಿ, ಸತ್ತವರ ಮುಂದೆ, ಊಟಕ್ಕೆ ಕೂತಾಗ ಇತದಕಿಮಸು ಎನ್ನುತ್ತ. ಮನುಷ್ಯರ ಭೇಟಿಗೆ ಕೈ ಮುಗಿಯುವುದು ಅಲ್ಲಿ ಇಲ್ಲ. ಮುಗಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಭಾರತದವರು ಅಂತ ನಗುತ್ತಾರೆ. ಪ್ರವಾಸಿಗೆ ಆ ನಗು ಚಂದ. ಅಲ್ಲೇ ಕೆಲಸ ಮಾಡಿ ಬದುಕುವವರು ತಿಂಗಳುಗಟ್ಟಲೆ ಅತಿಥಿಯ ಹಾಗೆ ಇರಲು ಆಗುವುದಿಲ್ಲವಲ್ಲ. ಶಿಂತೋ ಗುಡಿಗೆ ಹೋದರೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಕೊನೆಗೆ ಒಂದು ಸಲ ಬಾಗುವುದು ರೂಢಿ. ಇಜುಮೊ ಎಂಬ ದೊಡ್ಡ ಗುಡಿಯಂಥ ಕೆಲವೆಡೆ ಚಪ್ಪಾಳೆ ನಾಲ್ಕು. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಕೂಡದು. ಯಾವುದು ಯಾವುದೆಂದು ತಿಳಿಯದಿದ್ದರೆ ಮುಂದಿನವರನ್ನು ನೋಡಿ ಮಾಡಿ. ನಮ್ಮ ಜಾತ್ರೆಗೆ ಬಂದ ಹೊಸಬರೂ ಅದನ್ನೇ ಮಾಡುತ್ತಾರೆ.

ಕಾಲಿಗೆ ಬೀಳುವುದಂತೂ ಬೇಡವೇ ಬೇಡ. ಪ್ರೀತಿಯಿಂದಲೇ ಬಿದ್ದರೂ ಆ ಮನುಷ್ಯ ಗಾಬರಿಯಾಗಿ ಹಿಂದೆ ಸರಿಯುತ್ತಾನೆ. ಕೈಕುಲುಕುವುದು ಇದೆ, ಮುಖ್ಯವಾಗಿ ವಿದೇಶಿಯರ ಜತೆ. ಅವರಾಗಿ ಕೈ ಚಾಚಿದರೆ ಕುಲುಕಿ, ಆದರೆ ಬಾಗುವುದೂ ಕುಲುಕುವುದೂ ಒಂದೇ ಉಸಿರಿನಲ್ಲಿ ಬೇಡ. 2009ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಟೋಕಿಯೊದಲ್ಲಿ ಚಕ್ರವರ್ತಿ ಅಕಿಹಿತೊ ಅವರ ಕೈ ಹಿಡಿದುಕೊಂಡೇ ಆಳವಾಗಿ ಬಾಗಿದರು. ಅವರ ದೇಶದಲ್ಲಿ ಅದೊಂದು ದೊಡ್ಡ ರಾದ್ಧಾಂತ. ದೇಶದ ಮಾನ ಹೋಯಿತು ಅಂತ ಒಂದು ಪಕ್ಷ ಕೂಗಾಡಿತು. ಅಧ್ಯಕ್ಷರಿಗೆ ಆದದ್ದು ನಿಮಗೆ ಆಗಲಾರದು, ಪತ್ರಿಕೆಯವರು ನಿಮ್ಮ ಹಿಂದೆ ಬರುವುದಿಲ್ಲ. ತಲೆಗೆ ತಲೆ ಡಿಕ್ಕಿ ಹೊಡೆಯುವ ಅಪಾಯ ಮಾತ್ರ ಇಬ್ಬರಿಗೂ ಒಂದೇ.

ಇಷ್ಟು ಹೇಳುವ ಹೊತ್ತಿಗೆ ನಿಮ್ಮಲ್ಲೊಬ್ಬ ಕೇಳಿದ ಪ್ರಶ್ನೆಗೆ ಬರಬೇಕು. ನಮ್ಮ ತಾತ ಬಗ್ಗಿದ್ದು ಸಾಲದೇ, ಈಗ ನಾವು ದುಡ್ಡು ಕೊಟ್ಟು ಬಗ್ಗುವುದು ಕಲಿಯಬೇಕೇ ಅಂತ ಕೇಳಿದ. ಉಳಿದವರು ನಕ್ಕರು. ನಗುವ ಪ್ರಶ್ನೆ ಅಲ್ಲ ಅದು.

ನಮ್ಮ ಸೀಮೆಯಲ್ಲಿ ಬಾಗಿದವರ ಕಥೆ ನಾನು ಕಣ್ಣಾರೆ ಕಂಡದ್ದು. ದೊಡ್ಡವರ ಬೀದಿ ಬಂತೆಂದರೆ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು. ಜಗಲಿಯ ಮೇಲೆ ಕೂತವರಿಗೆ ಕೆಳಗೆ ನಿಂತು ಬುದ್ಧೀ ಅನ್ನಬೇಕು, ಟವೆಲು ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕು. ಜಗಲಿಯ ಮೇಲಿನವರು ಎಲೆಯಡಿಕೆ ಜಗಿಯುತ್ತ ಏನು ಅಂದರೆ ಅದೇ ದೊಡ್ಡದು. ಜೀತಕ್ಕಿದ್ದ ಹುಡುಗರಿಗೆ ಬೆನ್ನು ನೆಟ್ಟಗೆ ಮಾಡುವ ಹೊತ್ತೇ ಇರುತ್ತಿರಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಗೇಣಿದಾರರಲ್ಲಿ ಎಷ್ಟೋ ಮಂದಿ ಹೊಲದ ಒಡೆಯರಾದರು. ಬೆನ್ನು ಒಂದೇ ದಿನದಲ್ಲಿ ನೆಟ್ಟಗಾಗಲಿಲ್ಲ. ಕೆಲವು ಬೀದಿಗಳಲ್ಲಿ ಇನ್ನೂ ಆಗುತ್ತಲೇ ಇದೆ. ಆ ಮನೆಗಳಿಂದ ಬಂದ ಹುಡುಗ ಬಾಗುವ ಪಾಠ ಕೇಳಿ ಮುಖ ಗಂಟು ಹಾಕಿಕೊಂಡರೆ ಅವನನ್ನು ಅಹಂಕಾರಿ ಅನ್ನುವ ಹಕ್ಕು ನನಗಿಲ್ಲ.

ಜಪಾನಿನಲ್ಲೂ ಇದೇ ಇತ್ತು ಕಣಪ್ಪ. ಸಾಮಂತರ ಮೆರವಣಿಗೆ ಹೊರಟರೆ ದಾರಿಬದಿಯ ರೈತರು ಮಂಡಿಯೂರಿ ಹಣೆ ಮಣ್ಣಿಗೆ ಹಚ್ಚಬೇಕಿತ್ತು. 1862ರಲ್ಲಿ ಯೊಕೊಹಾಮದ ಹತ್ತಿರ ಸತ್ಸುಮ ಸಂಸ್ಥಾನದ ಮೆರವಣಿಗೆಗೆ ದಾರಿ ಬಿಡದೆ ಕುದುರೆಯ ಮೇಲೇ ಇದ್ದ ಒಬ್ಬ ಇಂಗ್ಲಿಷ್ ವ್ಯಾಪಾರಿಯನ್ನು ಕತ್ತಿಯಿಂದ ಕಡಿದು ಹಾಕಿದರು. ಅವರಲ್ಲೂ ಮುಟ್ಟಿಸಿಕೊಳ್ಳದ ಜನ ಇದ್ದರು, ಚರ್ಮದ ಕೆಲಸ ಮಾಡುವವರು, ಸತ್ತ ದನ ಎತ್ತುವವರು. 1871ರಲ್ಲಿ ಆ ಭೇದವನ್ನು ಸರ್ಕಾರ ಕಾಗದದ ಮೇಲೆ ತೆಗೆದುಹಾಕಿತು. ಮದುವೆ ಮಾತುಕತೆಯಲ್ಲಿ ಅದು ಎಷ್ಟೋ ಕಾಲ ಉಳಿಯಿತು. ಎಲ್ಲೋ ಕೇಳಿದ ಕಥೆ ಅನ್ನಿಸುತ್ತಿದೆಯಲ್ಲವೇ? ಹಣೆ ನೆಲಕ್ಕೆ ಹಚ್ಚುವ ಆ ಹಳೆಯ ಭಂಗಿಗೆ ದೊಗೆಜ ಎನ್ನುತ್ತಾರೆ. ಈಗ ಅದು ಸಿನಿಮಾದಲ್ಲಿ, ತೀರಾ ದೊಡ್ಡ ಅಪರಾಧದ ಕ್ಷಮಾಪಣೆಯಲ್ಲಿ ಮಾತ್ರ ಕಾಣುತ್ತದೆ. 2013ರಲ್ಲಿ ಸಪ್ಪೊರೊ ನಗರದಲ್ಲಿ ಒಬ್ಬ ಗಿರಾಕಿ, ಕೊಂಡ ವಸ್ತುವಿನಲ್ಲಿ ದೋಷವಿದೆಯೆಂದು ಅಂಗಡಿಯ ನೌಕರರಿಂದ ಬಲವಂತವಾಗಿ ದೊಗೆಜ ಮಾಡಿಸಿ ಫೋಟೊ ಹಾಕಿಕೊಂಡಳು. ಪೊಲೀಸರು ಅವಳನ್ನೇ ಬಂಧಿಸಿದರು, ಒತ್ತಾಯದ ಅಪರಾಧಕ್ಕಾಗಿ. ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಬಾಗುವುದನ್ನು ಅಷ್ಟು ಜತನವಾಗಿ ಸಾಕಿಕೊಂಡ ದೇಶದಲ್ಲಿ ಬಲವಂತವಾಗಿ ಬಾಗಿಸಿದರೆ ಕೈಗೆ ಕೋಳ.

ಎರಡನೆಯದಾಗಿ, ಮೇಲಿನವರು ಬಾಗುತ್ತಾರೋ ಇಲ್ಲವೋ ನೋಡಿ ಅಂದೆ. 1997ರ ನವೆಂಬರಿನಲ್ಲಿ ಯಮೈಚಿ ಎಂಬ ಹಳೆಯ ಷೇರು ಸಂಸ್ಥೆ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಪತ್ರಕರ್ತರ ಮುಂದೆ ಅದರ ಅಧ್ಯಕ್ಷ ಎದ್ದು ನಿಂತು, ತಪ್ಪೆಲ್ಲ ನಮ್ಮದು, ನೌಕರರದ್ದಲ್ಲ, ಅವರಿಗೆ ಕೆಲಸ ಸಿಗುವಂತೆ ನೋಡಿಕೊಳ್ಳಿ ಎಂಬರ್ಥದಲ್ಲಿ ಗೊಳೋ ಎಂದು ಅತ್ತು ತಲೆಬಾಗಿದ. ಜಪಾನಿಯರು ಆ ದೃಶ್ಯವನ್ನು ಇಂದಿಗೂ ಮರೆತಿಲ್ಲ. ಟೊಯೋಟಾದ ಅಕಿಯೊ ಟೊಯೊಡ 2010ರ ಫೆಬ್ರವರಿಯಲ್ಲಿ ಲಕ್ಷಗಟ್ಟಲೆ ಕಾರು ವಾಪಸು ಪಡೆಯಬೇಕಾದಾಗ ಕ್ಯಾಮೆರಾಗಳ ಮುಂದೆ ಬಾಗಿದರು. ಸಂಸ್ಥಾಪಕರ ಮೊಮ್ಮಗ ಆತ. ನಮ್ಮ ಕಡೆ ಯಾವ ಸೇತುವೆ ಕುಸಿದರೂ ಯಾರ ಬೆನ್ನೂ ಬಗ್ಗಿದ್ದು ನಾನು ಕಂಡಿಲ್ಲ. ಆ ಮಾತು ಇಲ್ಲಿಗೆ ಸಾಕು.

ಹಾಗೆಂದು ಜಪಾನಿನಲ್ಲಿ ಎಲ್ಲರೂ ಸರಿಸಮ ಅಂತ ನಿಮಗೆ ಸುಳ್ಳು ಹೇಳಲಾರೆ. ಹೊಸ ನೌಕರ 30 ಡಿಗ್ರಿ ಇಳಿದರೆ ಮ್ಯಾನೇಜರು 15ಕ್ಕೇ ನಿಲ್ಲುತ್ತಾನೆ. ದೊಡ್ಡ ಅಂಗಡಿಯಲ್ಲಿ ಬಾಗಿಲ ಹುಡುಗಿ ಬಂದವರಿಗೆಲ್ಲ ಬಾಗುತ್ತಾಳೆ, ಬಂದವರು ನೋಡಿದರೂ ನೋಡದಂತೆ ಒಳಗೆ ಹೋಗುತ್ತಾರೆ. ಆದರೂ ಕೆಲಸದ ಜಾಗದಲ್ಲಿ ನೀವು ಬಾಗಿದ್ದು ವಾಪಸು ಬಂದೇ ಬರುತ್ತದೆ, ಚಿಕ್ಕದಾಗಿಯಾದರೂ. ಎಡೆಯೂರಿನ ಕಡೆ ಒಬ್ಬರು ಶರಣು ಅಂದರೆ ಇನ್ನೊಬ್ಬರು ಶರಣಾರ್ಥಿ ಅನ್ನುತ್ತಾರಲ್ಲ, ಆ ಲೆಕ್ಕ. ಹುಡುಗನಿಗೆ ನಾನು ಕೊಟ್ಟ ಅಳತೆಗೋಲು ಅದೊಂದೇ: ಕೊಟ್ಟದ್ದು ತಿರುಗಿ ಬರುತ್ತಿದೆಯೋ ನೋಡು. ಬಂದರೆ ಅದು ಮಾತುಕತೆ, ಧಾರಾಳವಾಗಿ ಬಾಗು. ಬಾರದೆ ಬೈಗುಳ ಬಂದರೆ, ಅಲ್ಲಿಯ ಕಾನೂನೇ ನಿನ್ನ ಕಡೆಗಿದೆ. ಮೇಲಧಿಕಾರಿಯ ಕಿರುಕುಳಕ್ಕೆ ಅವರು ಪವಹರ ಎನ್ನುತ್ತಾರೆ. ಅದನ್ನು ತಡೆಯುವುದು ಮಾಲೀಕರ ಹೊಣೆ ಎಂಬ ಕಾಯ್ದೆ 2020ರಲ್ಲಿ ದೊಡ್ಡ ಕಂಪನಿಗಳಿಗೆ, 2022ರಲ್ಲಿ ಸಣ್ಣವಕ್ಕೂ ಜಾರಿಯಾಗಿದೆ. ಒಂದು ಮಾತು ಮಾತ್ರ ಕಿವಿಯಲ್ಲಿ ಇಟ್ಟುಕೊಳ್ಳಿ. ಯಾರಿಗೆ ಬೇಕಾದರೂ ಬಾಗಿ, ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡಬೇಡಿ. ಜೋಪಾನ ಮಾಡುತ್ತೇವೆ ಅಂತ ಎಷ್ಟೇ ನಯವಾಗಿ ಕೇಳಲಿ. ತರಬೇತಿ ಕಾರ್ಮಿಕರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು 2017ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಅಪರಾಧ. ಅಲ್ಲಿಯ ಸರ್ಕಾರ ಕೊಡುವ ವಾಸದ ಕಾರ್ಡನ್ನಂತೂ ಸದಾ ಜೇಬಿನಲ್ಲಿ ಇಟ್ಟುಕೊಂಡಿರುವುದು ನಿಮ್ಮದೇ ಕರ್ತವ್ಯ.

ಸಂದರ್ಶನಕ್ಕೆ ಬರೋಣ. ಈಗ ಬಹುಪಾಲು ಮೊದಲ ಸುತ್ತು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಮುಗಿಯುತ್ತದೆ. ಕೂತಲ್ಲೇ ಬಾಗಬೇಕಾದ್ದರಿಂದ ಕ್ಯಾಮೆರಾದಿಂದ ಒಂದು ತೋಳಿನಷ್ಟು ದೂರ ಕೂರಿ, ಇಲ್ಲದಿದ್ದರೆ ಅವರಿಗೆ ನಿಮ್ಮ ನೆತ್ತಿಯ ಸುಳಿಯೇ ಕಾಣುತ್ತದೆ. ಮುಖ ನೋಡಿ ಮಾತು ಮುಗಿಸಿ, ಮೆಲ್ಲಗೆ 15 ಡಿಗ್ರಿ. ಕೊನೆಗೆ ಬಾಗಿ ಎದ್ದ ತಕ್ಷಣ ಕರೆ ಕತ್ತರಿಸಬೇಡಿ, ಅವರು ಮೊದಲು ಹೋಗಲಿ. ಎದುರಾಬದುರು ಸಂದರ್ಶನವಾದರೆ ಬಾಗಿಲನ್ನು ಮೂರು ಸಲ ತಟ್ಟಿ, ಒಳಗಿನಿಂದ ದೋಜೊ ಎಂದ ಮೇಲೆ ಶಿತ್ಸುರೇ ಶಿಮಸು ಎಂದು ಒಳಗೆ ಹೋಗಿ. ಬಾಗಿಲು ಮುಚ್ಚಿ, ತಿರುಗಿ, ನಿಂತು ಬಾಗಿ. ನಡೆಯುತ್ತ ಬಾಗಬಾರದು. ಕುರ್ಚಿಯ ಪಕ್ಕ ನಿಂತು ಹೆಸರು ಹೇಳಿ, ಯೊರೊಶಿಕು ಒನೆಗೈ ಇತಶಿಮಸು ಎಂದು ಇನ್ನೊಮ್ಮೆ, ಈ ಸಲ ತುಸು ಆಳವಾಗಿ. ಕೂರಿ ಅಂದ ಮೇಲೆ ಕೂರಿ. ಮುಗಿದ ಮೇಲೆ ಇದೇ ದಾರಿಯಲ್ಲಿ ಹಿಂದಕ್ಕೆ: ಕುರ್ಚಿಯ ಪಕ್ಕ ಒಮ್ಮೆ, ಬಾಗಿಲ ಬಳಿ ಇನ್ನೊಮ್ಮೆ. ಇದೆಲ್ಲ ನಾಟಕ ಅನ್ನಿಸಬಹುದು. ಹೌದು, ಸ್ವಲ್ಪ ನಾಟಕವೇ. ನಮ್ಮ ಹೋಬಳಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಪೌರಾಣಿಕ ನಾಟಕ ಕಲಿಸುವಾಗ ಪ್ರವೇಶ ನಿರ್ಗಮನವನ್ನು ತಿಂಗಳುಗಟ್ಟಲೆ ತಿದ್ದುವುದಿಲ್ಲವೇ? ಮನೆಯ ಬಾಗಿಲಿದೆ, ತಂಗಿಯನ್ನು ಮ್ಯಾನೇಜರಾಗಿ ಕೂರಿಸಿಕೊಳ್ಳಿ. ಅವಳು ಖಂಡಿತ ಕಟ್ಟುನಿಟ್ಟಾಗಿರುತ್ತಾಳೆ.

ಒಂದು ಸಣ್ಣ ಪೇಚನ್ನೂ ಹೇಳಬೇಕು. ನೀವು ಬಾಗಿದಿರಿ, ಅವರು ಬಾಗಿದರು, ಮರ್ಯಾದೆಗೆ ನೀವು ಮತ್ತೊಮ್ಮೆ, ಅವರೂ ಮತ್ತೊಮ್ಮೆ. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಇದು ನಡೆಯುತ್ತದೆ. ನಮ್ಮ ಬೀಗರು ನೀವು ಮುಂದೆ ನೀವು ಮುಂದೆ ಅಂತ ಹೊಸ್ತಿಲಲ್ಲಿ ನಿಲ್ಲುವುದಕ್ಕಿಂತ ಉದ್ದ. ಬಿಡಿಸಿಕೊಳ್ಳುವ ಉಪಾಯ ಇಷ್ಟೇ: ಪ್ರತಿ ಸಲವೂ ಮೊದಲಿಗಿಂತ ಕಡಿಮೆ ಬಾಗುತ್ತ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಫೋನಿನಲ್ಲಿ ಮಾತಾಡುವಾಗಲೂ ಅವರು ಗೋಡೆಗೆ ಬಾಗುತ್ತಾರೆ. ಮೊದಲು ನಗು ಬರುತ್ತದೆ, ಆರು ತಿಂಗಳಾದ ಮೇಲೆ ನೀವೂ ಬಾಗುತ್ತಿರುತ್ತೀರಿ. ನಾರಾ ಊರಿನ ಉದ್ಯಾನದ ಜಿಂಕೆಗಳೇ ಬಿಸ್ಕತ್ತಿಗೆ ತಲೆಬಾಗಿಸುವುದು ಕಲಿತಿವೆ ಎಂದ ಮೇಲೆ ನೀವು ಕಲಿಯದೇ ಇರುತ್ತೀರಾ?

ಆರೈಕೆ ಕೆಲಸಕ್ಕೆ ಹೊರಟವರಿಗೆ ಬೇರೆ ಮಾತಿದೆ. ಹಾಸಿಗೆ ಹಿಡಿದ ಅಜ್ಜಿಯ ತಲೆಯ ಮೇಲೆ ನಿಂತುಕೊಂಡು 30 ಡಿಗ್ರಿ ಬಾಗಿದರೆ ಅವಳಿಗೆ ನಿಮ್ಮ ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣಿನ ಮಟ್ಟಕ್ಕೆ ಇಳಿಯಿರಿ, ಹೆಸರು ಹಿಡಿದು ಮಾತಾಡಿಸಿ, ಆಮೇಲೆ ತಲೆಬಾಗಿ. ಚಾಪೆ ಹಾಸಿದ ಕೋಣೆಯಲ್ಲಿ ಹಿರಿಯರು ನೆಲದ ಮೇಲೆ ಕೂತಿದ್ದರೆ ನಿಂತು ಬಾಗುವುದು ಅಸಹ್ಯ. ಮಂಡಿಯೂರಿ ಕೂತು, ಎರಡೂ ಅಂಗೈಯನ್ನು ಮುಂದೆ ನೆಲಕ್ಕಿಟ್ಟು, ಬೆನ್ನು ನೆಟ್ಟಗಿಟ್ಟು ಬಾಗಬೇಕು. ನೆಲದ ಮೇಲೆ ಕೂತು ಉಂಡು ಬೆಳೆದ ನಿಮಗೆ ಇದು ಪಟ್ಟಣದ ಹುಡುಗರಿಗಿಂತ ಸಲೀಸು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಕುಶಲ ಕೆಲಸಗಾರರ ಒಪ್ಪಂದ ಮಾಡಿಕೊಂಡ ಮೇಲೆ ಈ ದಾರಿ ತೆರೆದಿದೆ. ಭಾಷೆಗೆ ಎನ್4 ಮಟ್ಟ, ಜತೆಗೆ ಆರೈಕೆ ಕೆಲಸದ ಜಪಾನಿ ಪರೀಕ್ಷೆ ಪಾಸಾದರೆ ಸಾಕು ಎನ್ನುತ್ತಾರೆ. ಹಲ್ಲಿಲ್ಲದ ಬಾಯಿಯಿಂದ, ತನ್ನೂರಿನ ಆಡುಮಾತಿನಲ್ಲಿ ಅಜ್ಜಿ ನೀರು ಕೇಳಿದಾಗ ಎನ್4 ಸಾಲುವುದಿಲ್ಲ. ಆಗ ಮೈಯ ಮಾತೇ ನಿಮ್ಮನ್ನು ದಾಟಿಸುವುದು.

ಜಪಾನ್ ನಮಗೆ ಪೂರ್ತಿ ಹೊಸದೇನಲ್ಲ. ವಿಶ್ವೇಶ್ವರಯ್ಯನವರು 1898ರಲ್ಲೇ ಹೋಗಿ ನೋಡಿ ಬಂದಿದ್ದರು. 1991ರಿಂದ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜತೆ ಸೇರಿ ದ್ವಿತಳಿ ಗೂಡಿನ ಕೆಲಸ ಮಾಡಿದರು. ಕುಣಿಗಲ್, ಮಾಗಡಿ ಕಡೆಯ ಬೆಳೆಗಾರರು ಸಿಎಸ್‌ಆರ್ ಅಂತ ಬಾಯ್ತುಂಬ ಹೇಳುವ ತಳಿಗಳು ಆ ಕೆಲಸದ ಫಲ. ಬಿಡದಿಯ ಟೊಯೋಟಾ ಕಾರ್ಖಾನೆ 1999ರ ಕೊನೆಗೆ ಶುರುವಾಯಿತು. 2007ರಲ್ಲಿ ಅಲ್ಲಿ ತೆರೆದ ತರಬೇತಿ ಶಾಲೆಗೆ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳು ಹೋಗುತ್ತಿದ್ದಾರೆ.

ರೇಷ್ಮೆ ಹುಳುವಿನ ಮನೆಗೆ ಚಪ್ಪಲಿ ಹಾಕಿಕೊಂಡು ಹೋದರೆ ನಿಮ್ಮಪ್ಪ ಬೆನ್ನಿಗೆ ಎರಡು ಬಿಗಿಯುತ್ತಿದ್ದರಲ್ಲ, ಆ ಶಿಸ್ತು ಜಪಾನಿಯರ ಮನೆ ಬಾಗಿಲಲ್ಲಿ ಕೆಲಸಕ್ಕೆ ಬರುತ್ತದೆ. ಹೊಸ್ತಿಲ ಒಳಗೆ ತಗ್ಗಿನ ಜಾಗವೊಂದಿರುತ್ತದೆ. ಅಲ್ಲಿ ಶೂ ಬಿಚ್ಚಿ ಮೇಲೆ ಹತ್ತಬೇಕು, ಹತ್ತಿದ ಮೇಲೆ ಬಾಗಿ ಶೂಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಡಬೇಕು, ಒಜಮ ಶಿಮಸು ಎಂದು ಮನೆಯವರಿಗೆ ಬಾಗಬೇಕು. ಹಾಗೆ ಬಾಗಿದಾಗ ನಿಮ್ಮ ಕಣ್ಣೂ ಅವರ ಕಣ್ಣೂ ಒಟ್ಟಿಗೆ ಬೀಳುವುದು ನಿಮ್ಮ ಕಾಲ ಮೇಲೆ. ಹೆಬ್ಬೆರಳು ಹೊರಗೆ ಇಣುಕುತ್ತಿದ್ದರೆ ನೀವು ಕಲಿತ ಡಿಗ್ರಿ, ಉಸಿರು, ಗೊಸೆನ್ ಗೊರೇ ಎಲ್ಲವೂ ಅಲ್ಲಿಗೆ ಮುಗಿಯಿತು. ವೀಸಾ ಬಂದ ವಾರವೇ ಕುಣಿಗಲ್ಲಿಗೆ ಹೋಗಿ ಆರು ಜತೆ ಒಳ್ಳೆಯ ಕಾಲುಚೀಲ ಕೊಂಡುಬಿಡಿ. ಕಪ್ಪು ಬಣ್ಣದ್ದೇ ಇರಲಿ.